ಡೊಂಬಿವಲಿಯಿಂದ ಪುರಿಗೆ ಕಾರಿನಲ್ಲಿ: ದಾರಿಯುದ್ದಕ್ಕೂ ಆಯಾ ಊರಿನ ಊಟವೇ ಬೇಕು

ರೇಖಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾವು ಕಾರಿನಲ್ಲಿ ಪುರಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಕಾಲೇಜಿಗೆ ಹೋಗುವ ಮಗ ಮತ್ತು ಎಪ್ಪತ್ತು ದಾಟಿದ ಅತ್ತೆ. ಜಗನ್ನಾಥನ ದರ್ಶನ ಅತ್ತೆಯ ಬಹಳ ಹಳೆಯ ಆಸೆ. ವಿಮಾನದಲ್ಲಿ ಹೋಗಬಹುದಿತ್ತು. ಆದರೆ ಈ ಸಮುದ್ರದಿಂದ ಆ ಸಮುದ್ರದ ತನಕ ನೆಲದ ಮೇಲೇ ಹೋಗಬೇಕು, ನಡುವಿನ ಊರುಗಳನ್ನು ನೋಡಬೇಕು ಅಂತ ನನ್ನ ಹಟ. ನೋಡೋದು ಅಂದ್ರೆ ನನ್ನ ಮಟ್ಟಿಗೆ ತಿನ್ನೋದೂ ಹೌದು.

ನಾಸಿಕ್, ಧುಳೆ, ಜಳಗಾಂವ್, ನಾಗಪುರ, ರಾಯಪುರ, ಸಂಬಲ್ಪುರ, ಕಟಕ್, ಪುರಿ. ಮ್ಯಾಪ್‌ನಲ್ಲಿ ಹೀಗೆ ಕಾಣುತ್ತಿದೆ. ಮೂರು ರಾಜ್ಯ ದಾಟುತ್ತೇವೆ. ಇಷ್ಟು ದೂರದಲ್ಲಿ ಮಣ್ಣು ಬದಲಾಗುತ್ತದೆ, ಬೆಳೆ ಬದಲಾಗುತ್ತದೆ. ಅಂದಮೇಲೆ ತಟ್ಟೆಯೂ ಬದಲಾಗಬೇಕು ಅಲ್ವಾ? ಆದರೆ ಹೆದ್ದಾರಿಯಲ್ಲಿ ಎಲ್ಲಿ ಕಾರು ನಿಲ್ಲಿಸಿದರೂ ಅದೇ ಪನೀರ್ ಬಟರ್ ಮಸಾಲಾ, ಅದೇ ದಾಲ್ ತಡ್ಕಾ, ಅದೇ ಫ್ರೈಡ್ ರೈಸ್. ಒಳ್ಳೆಯ ಹೋಟೆಲ್ ಯಾವುದು ಅಂತ ಫೋನ್‌ನಲ್ಲಿ ಹುಡುಕಿದರೂ ಮೇಲೆ ಬರುವುದು ಅಂಥವೇ.

ನನಗೆ ಬೇಕಾದ್ದು ಆಯಾ ಊರಿನವರು ದಿನಾ ಏನು ತಿನ್ನುತ್ತಾರೋ ಅದು. ಅದು ಸಿಗುವ ಜಾಗವನ್ನು ಹೊರಗಿನವರು ಕಂಡುಹಿಡಿಯುವುದು ಹೇಗೆ? ನಾವು ಸಸ್ಯಾಹಾರಿಗಳು, ಮಗ ಮಾತ್ರ ಎಲ್ಲವನ್ನೂ ತಿನ್ನುತ್ತಾನೆ. ಅತ್ತೆಗೆ ಜಾಸ್ತಿ ಖಾರ ಆಗಲ್ಲ. ಈ ದಾರಿ ಬಲ್ಲವರು ದಯವಿಟ್ಟು ಹೇಳಿ.

ಪ್ರಸಾದ್, ಐರೋಲಿ

ರೇಖಾ ಅವರೇ, ವಯಸ್ಸಾದವರು ಜೊತೆಗಿದ್ದಾರೆ ಅಂದ್ರೆ ಮೊದಲು ರಸ್ತೆ ನೋಡಿ, ಆಮೇಲೆ ಊಟ. ಧುಳೆ, ಜಳಗಾಂವ್ ಕಡೆ ಯಾಕೆ ಸುತ್ತಬೇಕು? ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿ ತೆರೆದಿದೆ. ಭಿವಂಡಿ ಹತ್ತಿರದ ಆಮಣೆಯಲ್ಲಿ ಹತ್ತಿದರೆ ನಾಗಪುರದ ತನಕ 701 ಕಿ.ಮೀ. ನೇರ ರಸ್ತೆ. ನಿಮ್ಮ ಡೊಂಬಿವಲಿಗೆ ಅದು ಮಗ್ಗುಲಲ್ಲೇ ಇದೆ. ಬೆಳಗಿನ ಜಾವ ಹೊರಟರೆ ಕತ್ತಲಾಗುವ ಮೊದಲೇ ನಾಗಪುರ ತಲುಪುತ್ತೀರಿ. ಅತ್ತೆಯವರ ಬೆನ್ನು, ಮಂಡಿ ಎಲ್ಲ ಯೋಚನೆ ಮಾಡಿ. ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಪುರಿಯಲ್ಲಿ ಏನು ತಿನ್ನಬೇಕೋ ತಿನ್ನಿ.

ಬಸವರಾಜ, ವಾಸ್ಕೋ

ಅಕ್ಕಾರೆ, ನಮ್ಮ ಲಾರಿಗಳು ವಾಸ್ಕೋದಿಂದ ರಾಯಪುರದ ಕಡೆ ಓಡಾಡುತ್ತವೆ. ಮೊದಲು ನಾನೂ ಸ್ಟೇರಿಂಗ್ ಹಿಡಿದವನೇ. ಪ್ರಸಾದ್ ಸರ್ ಹೇಳಿದ್ದು ರಸ್ತೆಯ ಮಟ್ಟಿಗೆ ಸರಿ. ಆದರೆ ಸಮೃದ್ಧಿಗೆ ಎರಡೂ ಕಡೆ ಬೇಲಿ. ಊರು ದೂರದಲ್ಲಿ ಕಾಣುತ್ತದೆ, ಕೈಗೆ ಸಿಗಲ್ಲ. ಇಂಟರ್‌ಚೇಂಜ್‌ನಲ್ಲಿ ಇಳಿದು ಒಳಗೆ ಹೋದರೆ ಮಾತ್ರ ಊಟ. ನಿಮ್ಮ ಆಸೆಗೆ ಹಳೆಯ ರಸ್ತೆಯೇ ಸರಿ. ಧುಳೆ ತನಕ ಮುಂಬೈ-ಆಗ್ರಾ ರಸ್ತೆ, ಅಲ್ಲಿ ಬಲಕ್ಕೆ ತಿರುಗಿದರೆ 53ನೇ ನಂಬರ್ ಹೆದ್ದಾರಿ. ಅದು ಈಗ ಹಳೆಯ ಹಾಗಿಲ್ಲ. ಅಕೋಲಾ-ಅಮರಾವತಿ ನಡುವೆ 2022ರ ಜೂನ್‌ನಲ್ಲಿ 75 ಕಿ.ಮೀ. ಡಾಂಬರನ್ನು ಬಿಡುವಿಲ್ಲದೆ 105 ಗಂಟೆ 33 ನಿಮಿಷದಲ್ಲಿ ಹಾಕಿ ಗಿನ್ನೆಸ್ ದಾಖಲೆ ಮಾಡಿದ್ದು ಇದೇ ರಸ್ತೆಯಲ್ಲಿ. ಬರುವಾಗ ಬೇಕಿದ್ದರೆ ಸಮೃದ್ಧಿ ಹಿಡಿಯಿರಿ. ಆಗ ಎಲ್ಲರಿಗೂ ಮನೆ ಸೇರುವ ಅವಸರ ಇರುತ್ತದೆ.

ಇನ್ನೊಂದು ವಿಷಯ. ‘ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ’ ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಬಿಸಿಯಾಗಿರುತ್ತದೆ, ತಾಜಾ ಇರುತ್ತದೆ, ಅದು ನಿಜ. ಆದರೆ ಅದು ಆ ಊರಿನ ಊಟ ಅಲ್ಲ. ಲಾರಿ ನಿಲ್ಲುವುದು ಜಾಗ ಇದ್ದ ಕಡೆ, ಸ್ನಾನಕ್ಕೆ ನೀರು, ಮಲಗಲು ಮಂಚ ಇದ್ದ ಕಡೆ. ಡ್ರೈವರ್‌ಗಳು ಬಿಹಾರದವರು, ರಾಜಸ್ಥಾನದವರು, ನಮ್ಮ ಗದಗದವರು. ಎಲ್ಲರ ಹೊಟ್ಟೆಗೂ ಒಗ್ಗುವುದು ದಾಲ್-ರೋಟಿ. ಹಾಗಾಗಿ ಧಾಬಾದವನು ಅದನ್ನೇ ಮಾಡುತ್ತಾನೆ.

ಆ ಊರಿನ ಊಟ ಬೇಕಾದರೆ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಗೆ, ಕೋರ್ಟು-ಕಚೇರಿ ಸುತ್ತಮುತ್ತ, ವಾರದ ಸಂತೆಗೆ ಹೋಗಬೇಕು. ಸಂತೆಗೆ ಬಂದ ರೈತ ಪನೀರ್ ಕೇಳಲ್ಲ. ಗೋವಾಕ್ಕೆ ಬರುವವರಿಗೂ ನಾನು ಇದನ್ನೇ ಹೇಳುವುದು. ಬೀಚಿನ ಮೆನು ಬಿಟ್ಟು ಬೆಳಿಗ್ಗೆ ಫೋಂಡಾ, ಮಡಗಾಂವ್ ಮಾರ್ಕೆಟ್ ಒಳಗೆ ಹೋಗಿ ಪಾತಳ್ ಭಾಜಿ-ಪಾವ್ ತಿನ್ನಿ ಅಂತ.

ಮುಲುಂಡ್ ಶೆಟ್ರು

ಬಸವರಾಜ್ ಸರಿಯಾಗಿ ಹೇಳಿದರು. ನನ್ನ ಆಯುಷ್ಯವೆಲ್ಲ ಹೋಟೆಲ್ ಲೈನ್‌ನಲ್ಲೇ ಕಳೆಯಿತು. ಹಾಗಾಗಿ ಅಡುಗೆಮನೆ ಒಳಗಿನ ವಿಷಯ ಸ್ವಲ್ಪ ಹೇಳುತ್ತೇನೆ.

ಮೆನು ಕಾರ್ಡ್ ಎಷ್ಟು ಉದ್ದ ಇದೆ ಅಂತ ಮೊದಲು ನೋಡಿ. ಎಂಟು ಪುಟ ಇದ್ದರೆ ಅಲ್ಲಿ ಊರಿನ ಊಟ ಸಿಗಲ್ಲ ಅಂತಲೇ ತಿಳಿಯಿರಿ. ಬೆಳಿಗ್ಗೆ ಮೂರು ಗ್ರೇವಿ ತಯಾರು ಮಾಡಿ ಇಡುತ್ತಾರೆ. ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಈರುಳ್ಳಿಯ ಹಳದಿ. ಆರ್ಡರ್ ಬಂದ ಹಾಗೆ ಒಂದಕ್ಕೆ ಪನೀರ್, ಇನ್ನೊಂದಕ್ಕೆ ಕೋಫ್ತಾ, ಮತ್ತೊಂದಕ್ಕೆ ಬಟಾಣಿ ಹಾಕಿ ಬಾಣಲೆಯಲ್ಲಿ ತಿರುಗಿಸಿ ಕೊಡುತ್ತಾರೆ. ಇದರಲ್ಲಿ ಮೋಸ ಏನಿಲ್ಲ, ಹತ್ತು ನಿಮಿಷದಲ್ಲಿ ಊಟ ಕೊಡಬೇಕಾದರೆ ಬೇರೆ ದಾರಿಯಿಲ್ಲ. ನಾವೂ ಉಡುಪಿ ಹೋಟೆಲ್‌ಗಳಲ್ಲಿ ಪಂಜಾಬಿ ಸೆಕ್ಷನ್ ಅಂತ ಇದನ್ನೇ ಮಾಡಿದ್ದೇವೆ. ಆದರೆ ಜಳಗಾಂವ್‌ನ ಬದನೆಕಾಯಿ ಆ ಮೂರು ಗ್ರೇವಿಯಲ್ಲಿ ಯಾವುದಕ್ಕೂ ಸೇರಲ್ಲ ಮಾರಾಯ್ರೇ.

ಎರಡನೆಯದು, ‘ಇಲ್ಲಿನ ಸ್ಪೆಷಲ್ ಏನು’ ಅಂತ ಕೇಳಬೇಡಿ. ಕಾರಿನಿಂದ ಇಳಿದವರು ಹಾಗೆ ಕೇಳಿದರೆ ದುಬಾರಿ ಐಟಂ ಹೇಳುತ್ತಾರೆ. ‘ಇವತ್ತು ಏನು ಮಾಡಿದ್ದೀರಿ’ ಅಂತ ಕೇಳಿ. ಗಲ್ಲಾದಲ್ಲಿ ಕೂತವರನ್ನು ಕೇಳಬೇಡಿ, ಬಡಿಸುವವರನ್ನು ಕೇಳಿ. ಪಕ್ಕದ ಟೇಬಲ್ ನೋಡಿ. ಪೆಟ್ರೋಲ್ ಪಂಪಿನ ಹುಡುಗರು, ಮೆಡಿಕಲ್ ಸ್ಟೋರಿನವರು ಆ ಊರಿನವರೇ ಆಗಿರುತ್ತಾರೆ. ‘ನೀವು ಬೆಳಿಗ್ಗೆ ಎಲ್ಲಿ ತಿಂಡಿ ತಿಂತೀರಿ’ ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಮತ್ತೆ, ಹೊತ್ತು. ಎಲ್ಲಕ್ಕಿಂತ ಮುಖ್ಯ ಇದೇ. ಊರಿನ ಊಟಕ್ಕೆ ಅದರದೇ ಹೊತ್ತು ಇರುತ್ತದೆ. ಬೆಳಿಗ್ಗೆ ಖಾಲಿಯಾಗುವುದು ಮಧ್ಯಾಹ್ನ ಸಿಗಲ್ಲ. ಇಡೀ ದಿನ ಸಿಗುವುದು ಪನೀರ್ ಮಾತ್ರ. ಹಾಗಾಗಿ ಕಿಲೋಮೀಟರ್ ಲೆಕ್ಕ ಹಾಕಿ ಎಲ್ಲಿ ಮಲಗುವುದು ಅಂತ ನಿರ್ಧಾರ ಮಾಡಬೇಡಿ. ಯಾವ ಊರಿನಲ್ಲಿ ಯಾವ ಹೊತ್ತಿಗೆ ಇರಬೇಕು ಅಂತ ಮೊದಲು ಬರೆದುಕೊಳ್ಳಿ.

ರೇಖಾ, ಡೊಂಬಿವಲಿ

ಶೆಟ್ರೇ, ಹೊತ್ತಿನ ಮಾತು ನನಗೆ ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ಹಾಗಾದರೆ ಊರು ಊರಿಗೆ ಹೊತ್ತು ಹೇಳುವವರು ಬೇಕು. ಜಳಗಾಂವ್ ಯಾರಿಗೆ ಗೊತ್ತು?

ವೀಣಾ, ಕೋಥ್ರೂಡ್, ಪುಣೆ

ನನಗೆ ಗೊತ್ತು! ನಾವು ಧಾರವಾಡದವರು. ನಮ್ಮ ಅಣ್ಣನ ಹೆಂಡತಿ, ನಮ್ಮ ವೈನಿ, ಜಳಗಾಂವ್ ಜಿಲ್ಲೆಯವರು. ಅವರ ತವರಿಗೆ ಹೋಗಿ ಬಂದಮೇಲೆ ನನಗೆ ಬದನೆಕಾಯಿ ಅಂದ್ರೆ ಏನು ಅಂತ ತಿಳಿಯಿತು. ಹುಬ್ಬಳ್ಳಿ-ಧಾರವಾಡದ ಹೆಣ್ಣುಮಗಳು ಇದನ್ನು ಹೇಳುತ್ತಿದ್ದೇನೆ ಅಂದ್ರೆ ನಂಬಿ. ಎಣ್ಣೆಗಾಯಿ ತಿಂದು ಬೆಳೆದವರು ನಾವು.

ನೀವು ಡಿಸೆಂಬರ್‌ನಲ್ಲಿ ಹೋಗುತ್ತಿರುವುದು ಪುಣ್ಯ. ಭರಿತ ಅಂದ್ರೆ ಸುಟ್ಟ ಬದನೆಕಾಯಿ ಜಜ್ಜಿ ಮಾಡುವ ಪಲ್ಯ. ಅದರ ಬದನೆ ಚಳಿಗಾಲದ್ದೇ ಚೆಂದ. ತಿಳಿ ಹಸಿರು ಬಣ್ಣ, ದೊಡ್ಡದು, ಬೀಜ ಕಡಿಮೆ. ಜಳಗಾಂವ್‌ನ ಈ ಬದನೆಗೂ ಅಲ್ಲಿನ ಬಾಳೆಹಣ್ಣಿಗೂ ಜಿಐ, ಅಂದ್ರೆ ಆ ಊರಿನದೇ ಪದಾರ್ಥ ಅನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿದೆ. ಅದನ್ನು ಗ್ಯಾಸ್ ಮೇಲೆ ಸುಡುವುದಿಲ್ಲ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಕಡ್ಡಿಗಳನ್ನು ಒಟ್ಟಿ ಬೆಂಕಿ ಹಾಕುತ್ತಾರೆ. ಬದನೆಕಾಯಿ ಅದರೊಳಗೆ. ಸಿಪ್ಪೆ ಪೂರ್ತಿ ಕಪ್ಪಾಗಿ ಬಿರಿದ ಮೇಲೆ ಹೊರಗೆಳೆದು, ಬಿಸಿ ಇರುವಾಗಲೇ ಕೈಯಿಂದ ಸುಲಿಯುತ್ತಾರೆ. ಅಲ್ಲೇ ಬಕೆಟ್‌ನಲ್ಲಿ ನೀರು ಇಟ್ಟುಕೊಂಡಿರುತ್ತಾರೆ, ಬೆರಳು ಅದ್ದುತ್ತಾ ಸುಲಿಯುವುದು. ಆಮೇಲೆ ಮರದ ಪಾತ್ರೆಯಲ್ಲಿ ಹಾಕಿ ಮರದ ಒನಕೆಯಿಂದ ಜಜ್ಜುತ್ತಾರೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ, ಶೇಂಗಾ, ಈರುಳ್ಳಿ ಸೊಪ್ಪು, ಕೊತ್ತಂಬರಿ ಸೇರಿಸಿ ಎಣ್ಣೆಯಲ್ಲಿ ಒಗ್ಗರಣೆ. ಅರಿಶಿನ ಇಲ್ಲ, ಗರಂ ಮಸಾಲಾ ಇಲ್ಲ, ಟೊಮೆಟೊ ಅಂತೂ ಇಲ್ಲವೇ ಇಲ್ಲ. ಹೊಗೆಯ ವಾಸನೆ ನಾಲಿಗೆಗೆ ತಾಕುತ್ತದೆ. ಇದರ ಜೊತೆಗೆ ಪೂರಿ, ಇಲ್ಲಾಂದ್ರೆ ಕಳಣ್ಯಾಚಿ ಭಾಕರಿ. ಜೋಳಕ್ಕೆ ಉದ್ದು ಸೇರಿಸಿ ಬೀಸಿದ ಹಿಟ್ಟಿನ ರೊಟ್ಟಿ ಅದು. ನಮ್ಮ ಜೋಳದ ರೊಟ್ಟಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಮೆತ್ತಗೆ.

ಸೀಸನ್‌ನಲ್ಲಿ ಜಳಗಾಂವ್ ಪೇಟೆಯಲ್ಲಿ ಭರಿತವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಅಂಗಡಿಗಳಿವೆ. ಸಂಜೆ ಅಲ್ಲಿ ಜನ ಡಬ್ಬಿ ಹಿಡಿದು ನಿಂತಿರುತ್ತಾರೆ. ಆ ಸಾಲಿನಲ್ಲಿ ನಿಲ್ಲಿ. ಹಾಗಾಗಿ ಮೊದಲ ರಾತ್ರಿ ಜಳಗಾಂವ್‌ನಲ್ಲೇ ಉಳಿಯಿರಿ.

ಇನ್ನೊಂದು ಅಂದ್ರೆ ಶೇವ್ ಭಾಜಿ. ಕಪ್ಪು ಮಸಾಲೆಯ ತೆಳು ರಸ್ಸಾ, ಮೇಲೆ ದಪ್ಪ ಖಾರ ಸೇವು. ಧುಳೆಯಿಂದ ಮುಂದೆ ಸಣ್ಣ ಊಟದ ಮನೆಗಳಲ್ಲೂ ಸಿಗುತ್ತದೆ. ಅತ್ತೆಯವರಿಗೆ ಅದು ಬೇಡ, ಖಾರ ಜಾಸ್ತಿ.

ಅತ್ತೆಯವರಿಗೆ ಖಾಪರಾಚಿ ಪುರಣಪೋಳಿ ಹುಡುಕಿ ಕೊಡಿ. ಬೆಳಗಾವಿ ಮಂಡಿಗೆ ನೋಡಿದ್ದೀರಲ್ಲ? ಹಾಗೇ ಹಿಟ್ಟಿನ ಉಂಡೆಯನ್ನು ಕೈಮೇಲೆ ಆಡಿಸುತ್ತಾ ಅಗಲ ಮಾಡಿ, ಒಲೆ ಮೇಲೆ ಬೋರಲು ಹಾಕಿದ ಮಣ್ಣಿನ ಮಡಕೆ ಮೇಲೆ ಹರಡುತ್ತಾರೆ. ವ್ಯತ್ಯಾಸ ಏನಂದ್ರೆ ಇದರೊಳಗೆ ಕಡಲೆಬೇಳೆ ಹೂರಣ ಇರುತ್ತದೆ, ತೆಗೆದಾಗ ಮೆತ್ತಗೇ ಇರುತ್ತದೆ. ಅಕ್ಷಯ ತದಿಗೆಗೆ ಮಾವಿನ ರಸದ ಜೊತೆ ಮನೆಮನೆಯಲ್ಲೂ ಮಾಡುತ್ತಾರೆ. ಬೇರೆ ದಿನ ಮಹಿಳಾ ಬಚತ್ ಗಟದವರು (ಸ್ವಸಹಾಯ ಸಂಘದವರು) ಆರ್ಡರ್ ತಗೊಂಡು ಮಾಡಿಕೊಡುತ್ತಾರೆ. ಉಳಿದುಕೊಳ್ಳುವ ಹೋಟೆಲ್‌ನವರಿಗೆ ಒಂದು ದಿನ ಮೊದಲೇ ಫೋನ್ ಮಾಡಿ ಕೇಳಿ.

ಪ್ರಸಾದ್, ಐರೋಲಿ

ವೀಣಾ ಅವರೇ, ಓದಿ ನನಗೂ ಹಸಿವಾಯಿತು. ಆದರೆ ನನ್ನ ಆತಂಕ ಬೇರೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ತಿಂದು ಅತ್ತೆಯವರ ಹೊಟ್ಟೆ ಕೆಟ್ಟರೆ? ಊರಲ್ಲದ ಊರಿನಲ್ಲಿ ಡಾಕ್ಟರ್ ಹುಡುಕಬೇಕು. ದೊಡ್ಡ ಹೋಟೆಲ್ ಆದರೆ ಕನಿಷ್ಠ ಸ್ವಚ್ಛತೆ ಇರುತ್ತದೆ, ಟಾಯ್ಲೆಟ್ ಇರುತ್ತದೆ. ವಯಸ್ಸಾದ ಹೆಂಗಸರಿಗೆ ಅದು ಎಷ್ಟು ಮುಖ್ಯ ಅಂತ ನನ್ನ ತಾಯಿಯನ್ನು ಕರೆದುಕೊಂಡು ಓಡಾಡಿದ್ದರಿಂದ ಹೇಳುತ್ತಿದ್ದೇನೆ.

ಮುಲುಂಡ್ ಶೆಟ್ರು

ಟಾಯ್ಲೆಟ್ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ಪೆಟ್ರೋಲ್ ಪಂಪು, ದೊಡ್ಡ ಹೋಟೆಲ್ ಬಳಸಿ. ಒಂದು ಚಹಾ ಕುಡಿದು ಹೊರಡಿ. ಊಟ ಬೇರೆ ಕಡೆ ಮಾಡಿ. ಎರಡೂ ಒಂದೇ ಜಾಗದಲ್ಲಿ ಆಗಬೇಕು ಅಂತೇನಿಲ್ಲ.

ಹೊಟ್ಟೆಯ ವಿಷಯಕ್ಕೆ ಬಂದರೆ, ಕೆಡಿಸುವುದು ಹೆಚ್ಚಾಗಿ ನೀರು, ಹಸಿ ಚಟ್ನಿ, ಹೆಚ್ಚಿಟ್ಟ ಈರುಳ್ಳಿ-ಸೌತೆಕಾಯಿ, ಆರಿದ ಅನ್ನ. ಕಣ್ಣೆದುರು ಎಣ್ಣೆಯಿಂದ ತೆಗೆದ ವಡೆ, ಕುದಿಯುತ್ತಿರುವ ರಸ್ಸಾ, ತವೆಯಿಂದ ನೇರ ತಟ್ಟೆಗೆ ಬಂದ ರೊಟ್ಟಿ ಇವುಗಳಲ್ಲಿ ಭಯ ಕಡಿಮೆ. ಒಂದೇ ಐಟಂ ಮಾಡುವ ಸಣ್ಣ ಅಂಗಡಿಯಲ್ಲಿ ಬೆಳಗಿನ ಮಾಲು ಬೆಳಿಗ್ಗೆಯೇ ಮುಗಿಯುತ್ತದೆ. ಎಂಟು ಪುಟ ಮೆನು ಇರುವ ಕಡೆ ಫ್ರಿಜ್‌ನಲ್ಲಿ ಏನೇನು ಎಷ್ಟು ದಿನದಿಂದ ಇದೆ ಅಂತ ಅಡುಗೆಯವನಿಗೇ ನೆನಪಿರಲ್ಲ. ಎಣ್ಣೆ ಕಪ್ಪಾಗಿದೆಯಾ, ತಟ್ಟೆ ತೊಳೆಯುವ ನೀರು ಹೇಗಿದೆ ಅಂತ ನೋಡಿ. ಸರಿ ಕಾಣದಿದ್ದರೆ ಎದ್ದು ಬನ್ನಿ, ಸಂಕೋಚ ಬೇಡ. ಅತ್ತೆಯವರಿಗೆ ನೀರು ಮನೆಯದ್ದು ಅಥವಾ ಬಾಟಲಿಯದ್ದು. ಒಂದು ಡಬ್ಬಿಯಲ್ಲಿ ಅವಲಕ್ಕಿ, ಹುರಿದ ಕಡಲೆ ಇರಲಿ.

ಠಾಣೆ ಕಾಕಾ

ನಾನು ಬ್ಯಾಂಕ್ ಕೆಲಸದಲ್ಲಿ ವಿದರ್ಭದಲ್ಲಿ ಬಹಳ ಕಾಲ ಇದ್ದವನು. ಅಕೋಲಾ, ಆಮೇಲೆ ನಾಗಪುರ. ಈಗ ಠಾಣೆಯಲ್ಲಿ ನಿವೃತ್ತ. ಜಳಗಾಂವ್‌ನಿಂದ ಮುಂದಕ್ಕೆ ನಾನು ಹೇಳುತ್ತೇನೆ.

ಬೆಳಿಗ್ಗೆ ಬೇಗ ಹೊರಟು ಭುಸಾವಳ, ಮಲಕಾಪುರ ದಾಟಿ ಖಾಮಗಾಂವ್ ಹತ್ತಿರ ಹೆದ್ದಾರಿ ಬಿಟ್ಟು ಶೇಗಾಂವ್‌ಗೆ ಹೋಗಿ. ಗಜಾನನ ಮಹಾರಾಜರ ಸಮಾಧಿ ಇರುವ ಊರು. ಅತ್ತೆಯವರಿಗೆ ದರ್ಶನ ಆಗುತ್ತದೆ. ಪ್ರಸಾದ್ ಅವರು ಕೇಳುವ ಸ್ವಚ್ಛತೆ ಆ ಸಂಸ್ಥಾನದಲ್ಲಿ ಇದೆ. ಶೇಗಾಂವ್ ಕಚೋರಿ ಆ ಊರಿನ ರೈಲು ನಿಲ್ದಾಣದಿಂದ ಹೆಸರಾದದ್ದು. ಉಬ್ಬಿದ ರಾಜಸ್ಥಾನಿ ಕಚೋರಿ ಅಲ್ಲ ಇದು. ಚಪ್ಪಟೆ, ಒಳಗೆ ಖಾರದ ಬೇಳೆ ಹೂರಣ, ಜೊತೆಗೆ ಕರಿದ ಹಸಿಮೆಣಸಿನಕಾಯಿ. ತಣ್ಣಗಾದರೂ ರುಚಿ ಕೆಡಲ್ಲ. ಕಟ್ಟಿಸಿಕೊಂಡು ಹೋಗಬಹುದು. ಊರಿನಲ್ಲಿ ಝುಣಕಾ-ಭಾಕರಿ ಸಿಕ್ಕರೆ ಬಿಡಬೇಡಿ. ಮಹಾರಾಜರಿಗೆ ನೈವೇದ್ಯ ಮಾಡುವುದು ಅದನ್ನೇ.

ಮಧ್ಯಾಹ್ನ ಅಮರಾವತಿಯಲ್ಲಿ ಗಿಲಾ ವಡಾ ಇದೆ, ಮೊಸರು-ಚಟ್ನಿ ಸುರಿದು ಕೊಡುವ ವಡೆ. ಆದರೆ ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಆ ಕಡೆ ರೋಡಗೆ ಊಟ ಸಿಗಬಹುದು. ಗೋಧಿ ಹಿಟ್ಟನ್ನು ಪದರ ಪದರವಾಗಿ ಮಡಚಿ ಉಂಡೆ ಮಾಡಿ, ಬೆರಣಿ ಕೆಂಡದಲ್ಲಿ ಸುಟ್ಟು, ಬೂದಿ ಕೊಡವಿ, ತುಪ್ಪ ಹಾಕಿ, ತೊವ್ವೆ ಮತ್ತು ಬದನೆಕಾಯಿ ಪಲ್ಯದ ಜೊತೆ ಬಡಿಸುತ್ತಾರೆ. ಹೋಟೆಲ್‌ಗಿಂತ ಜಾತ್ರೆ, ಹೊಲದ ಊಟ, ದೇವಸ್ಥಾನದ ಸಂತರ್ಪಣೆಗಳಲ್ಲೇ ಜಾಸ್ತಿ. ದಾರಿಯಲ್ಲಿ ಎಲ್ಲಾದರೂ ಪೆಂಡಾಲ್ ಹಾಕಿ ಪಂಕ್ತಿ ನಡೆಯುತ್ತಿದ್ದರೆ ನಿಲ್ಲಿಸಿ ನೋಡಿ. ವರ್‍ಹಾಡದ ಜನ ಕೂರಿಸಿ ಊಟ ಹಾಕದೆ ಕಳಿಸಲ್ಲ. ಇದು ನನ್ನ ಅನುಭವದ ಮಾತು.

ರಾತ್ರಿ ನಾಗಪುರ. ಅಲ್ಲಿ ಎರಡು ಹೊತ್ತು ಬೇಕೇ ಬೇಕು, ಒಂದು ರಾತ್ರಿ, ಒಂದು ಬೆಳಿಗ್ಗೆ. ರಾತ್ರಿಗೆ ಸಾವಜಿ. ಹಲಬಾ ಕೋಷ್ಟಿ ಅನ್ನುವ ನೇಕಾರ ಸಮುದಾಯದ ಮನೆ ಅಡುಗೆ ಅದು, ಆಮೇಲೆ ಭೋಜನಾಲಯಗಳಾಯಿತು. ಹುರಿದು ಅರೆದ ಮಸಾಲೆ, ಗಾಢ ಬಣ್ಣದ ರಸ್ಸಾ, ಮೇಲೆ ಎಣ್ಣೆ. ಮಗನಿಗೆ ಮಟನ್ ಸಾವಜಿ, ನಿಮಗೆ ಪಾಟವಡಿ ರಸ್ಸಾ. ಕಡಲೆಹಿಟ್ಟನ್ನು ಬೇಯಿಸಿ ತಟ್ಟಿ ತುಂಡು ಮಾಡಿ ಅದೇ ರಸ್ಸಾಗೆ ಬಿಡುತ್ತಾರೆ. ಅದನ್ನು ತಿಂದು ರಾತ್ರಿ ಕಾರು ಓಡಿಸಬೇಡಿ, ಮಲಗಿ.

ಬೆಳಿಗ್ಗೆ ತರ್‍ರೀ ಪೋಹಾ. ತಟ್ಟೆಯಲ್ಲಿ ಬಿಸಿ ಅವಲಕ್ಕಿ, ಅದರ ಮೇಲೆ ಒಂದು ಸೌಟು ಕೆಂಪು ತರ್‍ರೀ, ಅಂದ್ರೆ ಖಾರದ ತೆಳು ಸಾರು, ಅದರಲ್ಲಿ ಕಪ್ಪು ಕಡಲೆಕಾಳು, ಮೇಲೆ ಹಸಿ ಈರುಳ್ಳಿ, ಚಿವಡಾ, ನಿಂಬೆಹಣ್ಣು. ಬೆಳಗಿನ ಹೊತ್ತು ಗಾಡಿ ಸುತ್ತ ನಿಂತೇ ತಿನ್ನುತ್ತಾರೆ. ಡಿಸೆಂಬರ್ ಅಂದ್ರೆ ಕಿತ್ತಳೆ ಕಾಲ. ಸಂತ್ರಾ ಬರ್ಫಿ ಎಲ್ಲ ಕಡೆ ಸಿಗುತ್ತದೆ, ಆದರೆ ಹಣ್ಣನ್ನೇ ಒಂದು ಬುಟ್ಟಿ ಕಾರಿಗೆ ಹಾಕಿಕೊಳ್ಳಿ.

ರೇಖಾ, ಡೊಂಬಿವಲಿ

ಕಾಕಾ, ನೀವು ಹೇಳಿದ್ದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ರೋಡಗೆಗೋಸ್ಕರ ಎಷ್ಟು ಹೊತ್ತು ಬೇಕಾದರೂ ಕಾಯಲು ಸಿದ್ಧ ಅಂತಿದ್ದಾರೆ. ನಾಗಪುರದಲ್ಲಿ ಅತ್ತೆ ಏನು ತಿನ್ನಬೇಕು? ಸಾವಜಿ ಅವರಿಗೆ ಆಗೋದೇ ಇಲ್ಲ.

ಠಾಣೆ ಕಾಕಾ

ಅವರಿಗೆ ಗೋಳಾ ಭಾತ್. ಕಡಲೆಬೇಳೆ ಅರೆದು ಮಾಡಿದ ಉಂಡೆಗಳು ಅನ್ನದ ಜೊತೆಗೇ ಬೆಂದಿರುತ್ತವೆ, ಮೇಲೆ ಒಗ್ಗರಣೆ. ಸೀತಾಬರ್ಡಿ, ಮಹಲ್ ಕಡೆ ಮರಾಠಿ ಊಟದ ಮನೆಗಳಲ್ಲಿ ವಿಚಾರಿಸಿ. ಸಂಜೆ ಹೊತ್ತಿಗೆ ಪುಡಾಚಿ ವಡಿಯೂ ಕೇಳಿ, ಒಳಗೆ ಪೂರ್ತಿ ಕೊತ್ತಂಬರಿ ಸೊಪ್ಪು. ಅಷ್ಟೇನೂ ಖಾರ ಇರಲ್ಲ.

ಬಸವರಾಜ, ವಾಸ್ಕೋ

ನಾಗಪುರ ಬಿಟ್ಟಮೇಲೆ ಕಿಟಕಿಯಿಂದ ಹೊರಗೆ ನೋಡುತ್ತಾ ಇರಿ. ಭಂಡಾರಾ ಬಂದ ಹಾಗೆ ಹತ್ತಿ, ತೊಗರಿ ಹೋಗಿ ಭತ್ತದ ಗದ್ದೆ ಶುರು. ಕೆರೆಗಳು ಶುರು. ಅಲ್ಲಿಂದ ಪುರಿ ತನಕ ಅನ್ನವೇ. ಜೋಳದ ನಾಡು ಮುಗಿಯಿತು ಅಂತ ತಟ್ಟೆ ಹೇಳುವ ಮೊದಲೇ ಹೊಲ ಹೇಳುತ್ತದೆ. ನನಗೆ ಈ ಇಡೀ ದಾರಿಯಲ್ಲಿ ಬಹಳ ಇಷ್ಟವಾದ ಜಾಗ ಅದು.

ನಾಗಪುರದಿಂದ ರಾಯಪುರ ಸುಮಾರು 290 ಕಿ.ಮೀ. ದೇವರಿ ಹತ್ತಿರ ಕಾಡು, ಕತ್ತಲಲ್ಲಿ ಬೇಡ. ರಾಯಪುರದಲ್ಲಿ ನೇರ ಗಢ ಕಲೇವಾಗೆ ಹೋಗಿ. ಮಹಂತ್ ಘಾಸಿದಾಸ್ ಮ್ಯೂಸಿಯಂ ಆವರಣದಲ್ಲೇ ಇದೆ. 2016ರಲ್ಲಿ ಸರ್ಕಾರ ಶುರು ಮಾಡಿದ್ದು. ಹೆಂಗಸರ ಸ್ವಸಹಾಯ ಸಂಘದವರು ಅಡುಗೆ ಮಾಡುತ್ತಾರೆ. ಛತ್ತೀಸಗಢದ ಮನೆ ತಿಂಡಿಗಳು ಹೋಟೆಲ್‌ಗಳಲ್ಲಿ ಸಿಗುವುದೇ ಕಷ್ಟ, ಇಲ್ಲಿ ಒಂದೇ ಕಡೆ ಸಿಗುತ್ತವೆ. ಚೀಲಾ ಅಂದ್ರೆ ಅಕ್ಕಿ ಹಿಟ್ಟಿನ ದೋಸೆ. ಫರಾ ಅಂದ್ರೆ ಅಕ್ಕಿ ಹಿಟ್ಟನ್ನು ಬೆರಳಿನಷ್ಟು ಉದ್ದ ಹೊಸೆದು ಹಬೆಯಲ್ಲಿ ಬೇಯಿಸಿದ್ದು. ಐರಸಾ ತಿಂದರೆ ನಿಮ್ಮ ಅತ್ತೆಯವರು ‘ಇದು ನಮ್ಮ ಕಜ್ಜಾಯ’ ಅಂತ ಹೇಳದಿದ್ದರೆ ಕೇಳಿ. ಅಕ್ಕಿ ಹಿಟ್ಟು, ಬೆಲ್ಲ, ಅದೇ ಹದ. ಠೇಠರಿ (ಕಡಲೆಹಿಟ್ಟಿನ ಕುರುಕು), ಖುರಮಿ (ಗೋಧಿ-ಬೆಲ್ಲದ ಸಿಹಿ) ಕಟ್ಟಿಸಿಕೊಳ್ಳಿ, ದಾರಿಗೆ ಆಗುತ್ತದೆ.

ಬೋರೆ ಬಾಸಿ ಅಂತ ಇನ್ನೊಂದಿದೆ, ರಾತ್ರಿಯ ಅನ್ನ ನೀರಲ್ಲಿ ನೆನೆಸಿ ಬೆಳಿಗ್ಗೆ ಈರುಳ್ಳಿ, ಸೊಪ್ಪಿನ ಜೊತೆ ತಿನ್ನುವುದು. ಲೋಡ್ ಇಳಿಸುವ ಹಮಾಲರು ಅದನ್ನೇ ತಿಂದು ಮಧ್ಯಾಹ್ನದ ತನಕ ದುಡಿಯುತ್ತಾರೆ. ನನಗೂ ಕೊಟ್ಟಿದ್ದಾರೆ. ಬಿಸಿಲಿನಲ್ಲಿ ಅದರಷ್ಟು ತಂಪು ಬೇರೆ ಇಲ್ಲ.

ಸುಮಾ, ಮಡಗಾಂವ್

ನಮ್ಮವರ ಕೆಲಸದಿಂದಾಗಿ ನಾವು ಸಂಬಲ್ಪುರದಲ್ಲಿದ್ದೆವು. ಒಡಿಶಾ ನನ್ನ ಎರಡನೇ ತವರು ಅಂತಲೇ ಹೇಳುತ್ತೇನೆ. ಜನ ಪುರಿ, ಕೊನಾರ್ಕ್ ಅಂತ ಓಡಿಬಿಡುತ್ತಾರೆ, ಪಶ್ಚಿಮ ಒಡಿಶಾ ಕಣ್ಣಿಗೇ ಬೀಳಲ್ಲ. ದಯವಿಟ್ಟು ಒಂದು ರಾತ್ರಿ ಸಂಬಲ್ಪುರದಲ್ಲಿ ಇರಿ.

ರಾಯಪುರದಿಂದ ಅದು ಸುಮಾರು 260 ಕಿ.ಮೀ. ಮೊದಲು ಬರಗಢ ಬರುತ್ತದೆ. ಅಲ್ಲಿ ಸಂಜೆ ಚಾಉಳ ಬರಾ. ಅಕ್ಕಿ-ಉದ್ದು ರುಬ್ಬಿ ಕರಿದ ವಡೆ, ಚಟ್ನಿ ಜೊತೆ ಕೊಡುತ್ತಾರೆ. ಸಂಬಲ್ಪುರದ ಮನೆಗಳಲ್ಲಿ ಅಂಬಿಲ ಮಾಡುತ್ತಾರೆ, ತರಕಾರಿ ಮತ್ತು ಕಳಲೆ ಹಾಕಿದ ಹುಳಿ ಸಾರು. ಮಲೆನಾಡಿನವರಿಗೆ ಕಳಲೆ ಹೊಸದಲ್ಲ. ಮಳೆಗಾಲದಲ್ಲಿ ಹಸಿ ಕಳಲೆ, ಚಳಿಗಾಲದಲ್ಲಿ ಹೆಂಡುವಾ ಅಂತ ಒಣಗಿಸಿ ಇಟ್ಟದ್ದು. ವಾಸನೆ ಜೋರು, ಅಭ್ಯಾಸ ಆದರೆ ಬಿಡೋಕಾಗಲ್ಲ. ಸರಸತಿಯಾ ಅನ್ನುವ ಸಿಹಿ ಸಿಕ್ಕರೆ ಖಂಡಿತ ತಿನ್ನಿ. ಒಂದು ಕಾಡುಮರದ ಕೊಂಬೆಯ ಅಂಟಿನ ರಸ ತೆಗೆದು ಅಕ್ಕಿ ಹಿಟ್ಟು, ಸಕ್ಕರೆ ಸೇರಿಸಿ ಕರಿಯುತ್ತಾರೆ. ಬಾಯಲ್ಲಿ ಇಟ್ಟರೆ ಪುಡಿಯಾಗುತ್ತದೆ. ಮಾಡಬಲ್ಲವರು ಈಗ ಕಡಿಮೆ.

ಮರುದಿನ ಅಂಗುಲ್, ಢೇಂಕಾನಾಲ್ ಮೇಲೆ ಹೋಗುವ 55ನೇ ಹೆದ್ದಾರಿ. ಢೇಂಕಾನಾಲ್‌ನ ಬರಾ ಹೆಸರಾದದ್ದು, ಘುಗುನಿ ಅನ್ನುವ ಬಟಾಣಿ ಗಸಿಯ ಜೊತೆ ಕೊಡುತ್ತಾರೆ. ಒಂದೊಂದೇ ತಿನ್ನಿ, ಕಟಕ್‌ನಲ್ಲಿ ದಹಿಬರಾ-ಆಳುದಮ್ ಇದೆ. ಸೈಕಲ್ಲಿನ ಎರಡೂ ಕಡೆ ದೊಡ್ಡ ಪಾತ್ರೆ ಕಟ್ಟಿಕೊಂಡು ಬರುತ್ತಾರೆ. ನಮ್ಮ ಮೊಸರು ವಡೆ ಗಟ್ಟಿ, ಇವರದ್ದು ನೀರು ಮಜ್ಜಿಗೆಯಲ್ಲಿ ತೇಲುವ ವಡೆ. ಅದರ ಮೇಲೇ ಖಾರದ ಆಲೂಗಡ್ಡೆ ಹಾಕುತ್ತಾರೆ. ತಣ್ಣಗೆ, ಬಿಸಿ, ಹುಳಿ, ಖಾರ ಎಲ್ಲ ಒಟ್ಟಿಗೆ.

ಕಟಕ್-ಭುವನೇಶ್ವರ ನಡುವೆ ಪಹಾಳ ಅಂತ ಊರು, ಹೆದ್ದಾರಿ ಪಕ್ಕದಲ್ಲೇ ಸಾಲು ಸಾಲು ರಸಗೊಲಾ ಅಂಗಡಿಗಳು. ತಿಳಿ ಕಂದು ಬಣ್ಣ, ಬಲು ಮೆತ್ತಗೆ. ಬಂಗಾಳಕ್ಕೆ 2017ರಲ್ಲಿ, ಒಡಿಶಾಕ್ಕೆ 2019ರಲ್ಲಿ, ಹೀಗೆ ಇಬ್ಬರ ರಸಗುಲ್ಲಕ್ಕೂ ಬೇರೆ ಬೇರೆ ಜಿಐ ಸಿಕ್ಕಿದೆ. ರಥಯಾತ್ರೆ ಮುಗಿಸಿ ದೇವಸ್ಥಾನಕ್ಕೆ ಮರಳುವ ದಿನ ಜಗನ್ನಾಥ ಮುನಿಸಿಕೊಂಡ ಲಕ್ಷ್ಮಿಗೆ ಕೊಡುವುದು ರಸಗೊಲಾವನ್ನೇ. ಛೆನಾ ಪೋಡವನ್ನೂ ಅಲ್ಲೇ ತೆಗೆದುಕೊಳ್ಳಿ. ಹಾಲು ಒಡೆದ ಛೆನಾಗೆ ಸಕ್ಕರೆ, ರವೆ ಸೇರಿಸಿ ಸಾಲ ಮರದ ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಡುವುದು. ಸುತ್ತಲಿನ ಕಂದು ಅಂಚು ಇರುವ ತುಂಡನ್ನೇ ಕೇಳಿ ತಗೊಳ್ಳಿ.

ಈಗ ಪುರಿ. ಅಲ್ಲಿ ಒಂದು ಹೊತ್ತಾದರೂ ಹೋಟೆಲ್ ಊಟ ಬಿಟ್ಟು ಆನಂದ ಬಜಾರ್‌ಗೆ ಹೋಗಿ. ದೇವಸ್ಥಾನದ ಹೊರ ಪ್ರಾಕಾರದ ಒಳಗೇ ಇದೆ. ಸೌದೆ ಒಲೆ ಮೇಲೆ ಮಣ್ಣಿನ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ ಬೇಯಿಸಿದ ಅನ್ನ, ದಾಲಿ, ತರಕಾರಿ. ಜಗನ್ನಾಥನಿಗೆ, ಆಮೇಲೆ ವಿಮಲಾ ದೇವಿಗೆ ನೈವೇದ್ಯ ಆದಮೇಲೆ ಅದು ಮಹಾಪ್ರಸಾದ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಆಲೂಗಡ್ಡೆ, ಟೊಮೆಟೊ ಕೂಡ ಇಲ್ಲ. ಅತ್ತೆಯವರಿಗೆ ಖಾರದ ಭಯವೂ ಇಲ್ಲ. ಸಾಲಾಗಿ ಮಡಕೆಗಳನ್ನು ಇಟ್ಟುಕೊಂಡು ಕೂತಿರುತ್ತಾರೆ. ಕಣಿಕಾ ಅಂತ ಸಿಹಿ ಅನ್ನ, ದಾಲಿ, ಬೇಸರ ಅನ್ನುವ ಸಾಸಿವೆ ಹಾಕಿದ ತರಕಾರಿ ಪಲ್ಯ, ಖಟಾ ಅನ್ನುವ ಹುಳಿ-ಸಿಹಿ ಗೊಜ್ಜು ಹೀಗೆ ಬೇಕಾದ್ದನ್ನು ಆರಿಸಿ, ರೇಟು ಮಾತಾಡಿ, ಬಾಳೆಲೆ ಹಾಕಿಕೊಂಡು ನೆಲದಲ್ಲೇ ಕೂತು ಊಟ. ಯಾರ ಪಕ್ಕ ಯಾರು ಕೂತರು ಅನ್ನುವ ಲೆಕ್ಕವಿಲ್ಲ, ಎಂಜಲು ಅನ್ನುವ ಮಾತೂ ಇಲ್ಲ. ನೆಲದಲ್ಲಿ ಕೂರಲು ಅತ್ತೆಯವರಿಗೆ ಕಷ್ಟವಾದರೆ ಮಡಕೆ ಸಮೇತ ರೂಮಿಗೆ ತನ್ನಿ.

ಒಂದು ಮುಖ್ಯ ವಿಷಯ. ದೇವಸ್ಥಾನದ ಒಳಗೆ ಮೊಬೈಲ್ ಬಿಡಲ್ಲ. ಅಂದಮೇಲೆ ಫೋನ್‌ನಿಂದ ದುಡ್ಡು ಕೊಡಲು ಆಗಲ್ಲ. ನಗದು ಇಟ್ಟುಕೊಳ್ಳಿ, ಚಿಲ್ಲರೆ ನೋಟು ಜಾಸ್ತಿ ಇರಲಿ. ಪೂಜೆ ತಡವಾದರೆ ಪ್ರಸಾದವೂ ತಡ. ಮಧ್ಯಾಹ್ನ ಒಂದೇ ಗಂಟೆಗೆ ಸಿಗುತ್ತದೆ ಅಂತ ನಂಬಿಕೊಂಡು ಹಸಿದು ಹೋಗಬೇಡಿ. ಬೆಳಿಗ್ಗೆ ಏನಾದರೂ ತಿಂದಿರಿ.

ಪ್ರಸಾದ್, ಐರೋಲಿ

ಇಷ್ಟೆಲ್ಲ ಓದಿದಮೇಲೆ ಹೋಗುವಾಗ ಹಳೆಯ ರಸ್ತೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ದಿನಕ್ಕೆ 400 ಕಿ.ಮೀ. ಮೇಲೆ ಬೇಡ, ಕತ್ತಲಾದಮೇಲೆ ಡ್ರೈವಿಂಗ್ ಬೇಡ. ಅತ್ತೆಯವರ ಔಷಧಿ ಪಟ್ಟಿಯನ್ನು ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಬರೆದು ಎಲ್ಲರ ಹತ್ತಿರವೂ ಒಂದೊಂದು ಪ್ರತಿ ಇರಲಿ. ವೀಣಾ ಅವರೇ, ಆ ಬದನೆಕಾಯಿ ನವಿ ಮುಂಬೈಯಲ್ಲಿ ಎಲ್ಲಾದರೂ ಸಿಗುತ್ತದಾ?

ವೀಣಾ, ಕೋಥ್ರೂಡ್, ಪುಣೆ

ಚಳಿಗಾಲದಲ್ಲಿ ಪುಣೆ, ಮುಂಬೈಯಲ್ಲಿರುವ ಖಾನದೇಶದವರು, ಅಂದ್ರೆ ಜಳಗಾಂವ್-ಧುಳೆ ಕಡೆಯವರು, ಊರಿಂದ ತರಿಸಿ ಮಾರುತ್ತಾರೆ, ವಾಶಿ ಮಾರ್ಕೆಟ್‌ನಲ್ಲಿ ವಿಚಾರಿಸಿ. ಬದನೆ ಸಿಗುತ್ತದೆ ಸರ್, ಹತ್ತಿ ಕಡ್ಡಿಯ ಬೆಂಕಿ ಸಿಗಲ್ಲ. ಜಳಗಾಂವ್‌ಗೇ ಹೋಗಿ, ರೈಲಿದೆ.

ರೇಖಾ, ಡೊಂಬಿವಲಿ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿಕೊಂಡು ಎಲ್ಲರೂ ಕೂತೆವು. ಶೆಟ್ರು ಹೇಳಿದ ಹಾಗೆ ಮೊದಲು ಹೊತ್ತು ಬರೆದೆ, ಆಮೇಲೆ ಊರು. ಜಳಗಾಂವ್‌ನಲ್ಲಿ ಸಂಜೆ ಭರಿತ. ಶೇಗಾಂವ್‌ನಲ್ಲಿ ಬೆಳಿಗ್ಗೆ ದರ್ಶನ, ಕಚೋರಿ. ನಾಗಪುರದಲ್ಲಿ ರಾತ್ರಿ ಸಾವಜಿ, ಗೋಳಾ ಭಾತ್, ಮರುದಿನ ಬೆಳಿಗ್ಗೆ ತರ್‍ರೀ ಪೋಹಾ. ರಾಯಪುರಕ್ಕೆ ಹಗಲಿರುವಾಗಲೇ ಸೇರಿ ಗಢ ಕಲೇವಾ. ಬರಗಢಕ್ಕೆ ಸಂಜೆ, ಸಂಬಲ್ಪುರದಲ್ಲಿ ರಾತ್ರಿ. ಮರುದಿನ ತಿನ್ನುತ್ತಾ ತಿನ್ನುತ್ತಾ ಪುರಿ. ವಾಪಸ್ ಬರುವಾಗ ಸಮೃದ್ಧಿ.

ಅತ್ತೆ ಐರಸಾ ಸುದ್ದಿ ಕೇಳಿ ತಮ್ಮ ಕಡೆಯಿಂದಲೂ ಏನಾದರೂ ಒಯ್ಯಬೇಕು ಅಂತ ಹೇಳಿದರು. ಗಢ ಕಲೇವಾದ ಹೆಂಗಸರಿಗೆ ಕೊಡಲು ನಮ್ಮ ಕಡೆಯ ಕಜ್ಜಾಯ ಮಾಡಿ ಡಬ್ಬಿ ತುಂಬಿಸುತ್ತಾರಂತೆ. ಪಾಕದ ಅಕ್ಕಿ ನೆನೆಸುವ ಲೆಕ್ಕ ಈಗಲೇ ಶುರುವಾಗಿದೆ. ಮಗ ಊರು ಊರಿನ ಹೆಸರು ಬರೆದು ಒಂದು ನೋಟ್‌ಬುಕ್ ಮಾಡಿದ್ದಾನೆ. ಯಾರನ್ನು ಕೇಳಿದೆವು, ಅವರು ಎಲ್ಲಿಗೆ ಕಳಿಸಿದರು ಅಂತ ಅದರಲ್ಲಿ ಬರೆಯುತ್ತಾನಂತೆ. ಬಂದಮೇಲೆ ಇಲ್ಲಿ ಹಾಕುತ್ತೇವೆ. ಇನ್ನು ರೂಮು ಬುಕ್ ಮಾಡುವುದು ಬಾಕಿ. ಒಂದು ವಾರ ಮೊದಲು ಮಾಡಿದರೆ ಸಾಕಲ್ವಾ?

ಠಾಣೆ ಕಾಕಾ

ಸಾಲದು ತಾಯಿ. ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ವಿಧಾನಸಭೆಯ ಚಳಿಗಾಲದ ಅಧಿವೇಶನ ಇರುತ್ತದೆ. ಮಂತ್ರಿಗಳು, ಅಧಿಕಾರಿಗಳು, ಪತ್ರಕರ್ತರು, ಮೋರ್ಚಾಗೆ ಬಂದವರು ಎಲ್ಲ ಸೇರಿ ಊರು ತುಂಬಿಹೋಗಿರುತ್ತದೆ. ಪುರಿಯಲ್ಲೂ ಅದು ಸೀಸನ್, ಡಿಸೆಂಬರ್ ಮೊದಲ ವಾರ ಕೊನಾರ್ಕ್ ಉತ್ಸವದ ಜನ ಬೇರೆ. ಈ ಎರಡು ಊರಿನ ರೂಮು ಇವತ್ತೇ ಮಾಡಿ. ಜಳಗಾಂವ್, ರಾಯಪುರ, ಸಂಬಲ್ಪುರ ಆಮೇಲೆ ನೋಡಿಕೊಂಡರಾಯಿತು. ನಾಗಪುರದಲ್ಲಿ ಸೀತಾಬರ್ಡಿ ಕಡೆ ರೂಮು ಹಿಡಿದರೆ ಬೆಳಿಗ್ಗೆ ಪೋಹಾ ಗಾಡಿಗೆ ನಡೆದೇ ಹೋಗಬಹುದು.